ಲೋಲಾ ಮನೆಯ ಶುಕ್ರವಾರಗಳು

ಶುಕ್ರವಾರ ಬಂತೆಂದರೆ ಲೋಸ್ ಬಾನ್ಯೋಸಿನ ಓಣಿಗಳಲ್ಲಿ ಹೆಸರುಕಾಳು ಬೇಯುವ ಘಮ. ಶುಕ್ರವಾರ ಮಾಂಸ ಬಿಡುವ ಕ್ಯಾಥೊಲಿಕ್ ನೇಮದಿಂದ ಫಿಲಿಪೀನ್ಸಿನ ಮನೆಗಳಲ್ಲಿ ನೆಲೆನಿಂತ ಅಡುಗೆ ಅದು. ಬೆಳ್ಳುಳ್ಳಿ, ಈರುಳ್ಳಿ, ಟೊಮೇಟೊ ಬಾಡಿಸಿ, ಬೆಂದ ಕಾಳು ಸುರಿದು, ಒಲೆಯಿಂದ ಇಳಿಸುವ ಮುಂಚೆ ಒಂದು ಹಿಡಿ ನುಗ್ಗೆಸೊಪ್ಪು ಹಾಕುತ್ತಾರೆ. ಅವರ ಪಾಲಿಗೆ ಅದರಲ್ಲಿ ಒಣಮೀನೋ ಸೀಗಡಿಯೋ ಬೀಳಲೇಬೇಕು. ಅದು ಬೀಳುವ ಮೊದಲೇ ಲೋಲಾ ನನ್ನ ಪಾಲನ್ನು ಬೇರೆ ಬಟ್ಟಲಿಗೆ ತೆಗೆದಿಡುತ್ತಿದ್ದರು. ಮಂಡ್ಯ ಸೀಮೆಯಲ್ಲಿ ಬಸ್ಸಾರು ಉಂಡು ಬೆಳೆದ ನನಗೆ, ಆ ಬಟ್ಟಲು ಕೈಗೆ ಬಂದ ದಿನದಿಂದ ಆ ದೇಶ ಪರದೇಶ ಅನ್ನಿಸಲಿಲ್ಲ.

ಲೋಲಾ ಎಂದರೆ ಅಲ್ಲಿ ಅಜ್ಜಿ. ಅವರು ನನ್ನ ಗೆಳೆಯನ ಅಜ್ಜಿ, ಬೀದಿಗೆಲ್ಲ ಲೋಲಾ. ಗೆಳೆಯ ನನಗಿಂತ ಚಿಕ್ಕವನು, ಆಗಿನ್ನೂ ಇಪ್ಪತ್ಮೂರು ಇಪ್ಪತ್ನಾಲ್ಕರ ಹುಡುಗ. ಮೊದಲ ದಿನವೇ ನನ್ನನ್ನು ‘ಕುಯಾ’ ಎಂದ, ಅಂದರೆ ಅಣ್ಣ. ಇವತ್ತಿನವರೆಗೂ ಹೆಸರು ಹಿಡಿದು ಕರೆದವನಲ್ಲ.

ಇಬ್ಬರೂ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯಲ್ಲಿ ಕೆಲಸಕ್ಕಿದ್ದೆವು. ಮನಿಲಾದಿಂದ ದಕ್ಷಿಣಕ್ಕೆ 60 ಕಿಲೋಮೀಟರಿಗೆ ತುಸು ಹೆಚ್ಚು ದೂರ, ಮಕಿಲಿಂಗ್ ಬೆಟ್ಟದ ತಪ್ಪಲು. 1960ರಲ್ಲಿ ಫೋರ್ಡ್ ಮತ್ತು ರಾಕ್‌ಫೆಲರ್ ಪ್ರತಿಷ್ಠಾನಗಳು ಅಲ್ಲಿನ ಸರ್ಕಾರದ ಜೊತೆ ಸೇರಿ ಕಟ್ಟಿದ ಸಂಸ್ಥೆ. 1966ರಲ್ಲಿ ಅಲ್ಲಿಂದ ಹೊರಬಂದ ಭತ್ತದ ತಳಿ ಐಆರ್ 8, ಆಮೇಲೆ ಬಂದ ಐಆರ್ 64, ಇವೆಲ್ಲ ನಮ್ಮ ನಾಲೆ ಬಯಲಿನಲ್ಲಿ ಅಕ್ಷರ ಬಾರದವರ ಬಾಯಲ್ಲೂ ಇದ್ದ ಹೆಸರುಗಳು. ಆ ಹೆಸರುಗಳು ಹುಟ್ಟಿದ ಗದ್ದೆಯಲ್ಲೇ ನಿಂತು ಕೆಲಸ ಮಾಡುವುದು ನನಗೆ ಹೆಮ್ಮೆಯ ಸಂಗತಿಯಾಗಿತ್ತು.

ತಳಿ ಸಂಕರದ ಕೆಲಸ ತಾಳ್ಮೆ ಬೇಡುವಂಥದ್ದು. ತೆನೆಯ ಒಂದೊಂದು ಹೂವಿನ ತುದಿಯನ್ನೂ ಕತ್ತರಿಸಿ, ಒಳಗಿನ ಆರು ಪರಾಗಕೋಶಗಳನ್ನು ಹೂವಿಗೆ ನೋವಾಗದ ಹಾಗೆ ತೆಗೆಯಬೇಕು. ಆಮೇಲೆ ತೆನೆಗೆ ಕಾಗದದ ಚೀಲ ಮುಚ್ಚಿ, ಮಾರನೆಯ ದಿನ ಬಿಸಿಲೇರಿ ಹೂ ಅರಳುವ ಹೊತ್ತಿಗೆ ಇನ್ನೊಂದು ತಳಿಯ ಪರಾಗವನ್ನು ಉದುರಿಸಬೇಕು. ಕೈಗೆ ಕೆಲಸ, ಕಣ್ಣಿಗೆ ಕೆಲಸ, ಬಾಯಿಗೆ ಬಿಡುವು. ಸಂಕರದ ಕೆಲಸಕ್ಕೆಂದೇ ಸೊಳ್ಳೆಪರದೆಯ ಬಲೆ ಕಟ್ಟಿದ ಮನೆಯೊಳಗೆ ಎದುರುಬದುರು ಕುಳಿತು ನಾವು ಆಡಿದ ಮಾತಿಗೆ ಲೆಕ್ಕವಿಲ್ಲ. ನನ್ನ ಬದುಕಿನಲ್ಲಿ ಅಷ್ಟು ನಿರಾಳವಾಗಿ ಯಾರ ಜೊತೆಯೂ ಮಾತಾಡಿಲ್ಲ.

ಗೆಳೆಯ ಚಿಕ್ಕವನಿದ್ದಾಗಲೇ ಅವನ ತಾಯಿ ಹಾಂಗ್‌ಕಾಂಗಿಗೆ ಮನೆಗೆಲಸಕ್ಕೆ ಹೋಗಿದ್ದರು. ಜನರನ್ನು ಹೊರದೇಶದ ದುಡಿಮೆಗೆ ಕಳಿಸುವುದನ್ನು ಫಿಲಿಪೀನ್ಸ್ ಸರ್ಕಾರ 1974ರ ಕಾರ್ಮಿಕ ಸಂಹಿತೆಯಲ್ಲೇ ವ್ಯವಸ್ಥೆಗೊಳಿಸಿತ್ತು. ಅಂದಿನಿಂದ ಅಲ್ಲಿ ಒಬ್ಬರಾದರೂ ಸಮುದ್ರದಾಚೆ ಇಲ್ಲದ ಮನೆ ಹುಡುಕುವುದು ಕಷ್ಟ. ಆಗ ಫೋನು ದುಬಾರಿ. ಅದಕ್ಕೇ ಕ್ಯಾಸೆಟ್ಟು. ತಾಯಿ ಮಾತಾಡಿ ಕ್ಯಾಸೆಟ್ ಕಳಿಸುವರು. ಇಲ್ಲಿ ಲೋಲಾ ಊಟದ ಮೇಜಿನ ಮೇಲೆ ಟೇಪ್‌ರೆಕಾರ್ಡರ್ ಇಟ್ಟು ಎಲ್ಲರನ್ನೂ ಕೂರಿಸುವರು. ತಾನು ನೋಡಿಕೊಳ್ಳುವ ಆ ಮನೆಯ ಮಕ್ಕಳಿಗೆ ಏನು ಅಡುಗೆ ಮಾಡಿದೆ, ಭಾನುವಾರ ಊರಿನವರೆಲ್ಲ ಸೆಂಟ್ರಲ್ ಪ್ರದೇಶದ ಚೌಕದಲ್ಲಿ ರಟ್ಟು ಹಾಸಿ ಕೂತು ಏನು ಹರಟಿದೆವು, ಇಂಥವೇ ಸುದ್ದಿ. ಇನ್ನೊಂದು ಮಗ್ಗುಲನ್ನು ಇವನು ತುಂಬಬೇಕು. ಶಾಲೆಯ ಹಾಡು, ಲೆಕ್ಕದಲ್ಲಿ ಬಂದ ಅಂಕ, ನಾಯಿ ಮರಿ ಹಾಕಿದ್ದು.

“ಅಮ್ಮನ ದನಿ ಗೊತ್ತಿತ್ತು ಕುಯಾ, ಎತ್ತರ ಗೊತ್ತಿರಲಿಲ್ಲ” ಅಂದಿದ್ದ ಒಂದು ಸಂಜೆ, ಚಿಮಟ ಕೆಳಗಿಡದೆ. ರಜೆಗೆ ಬಂದ ತಾಯಿ ಬಾಗಿಲಲ್ಲಿ ನಿಂತಾಗ ಲೋಲಾನ ಬೆನ್ನ ಹಿಂದೆ ಹೋಗಿ ನಿಂತನಂತೆ.

ತಾಯಿಯ ಮೇಲೆ ಅವನಿಗೆ ದೂರಿರಲಿಲ್ಲ. ಅವನನ್ನು ಕಾಡಿದ್ದು ಬೇರೆ. ಸಣ್ಣವನಿದ್ದಾಗಿನಿಂದ ತಟ್ಟೆಯ ಮುಂದೆ ಕೂತಾಗಲೆಲ್ಲ ಯಾರಾದರೊಬ್ಬರು ಹೇಳುತ್ತಿದ್ದರು: ನಿನ್ನ ತಾಯಿ ನಿನಗೋಸ್ಕರ ಏನು ಪಡುತ್ತಿದ್ದಾಳೆ, ನೆನಪಿರಲಿ. ಹೆತ್ತವರ ಋಣ ಅಲ್ಲಿ ಬಹಳ ದೊಡ್ಡ ಮಾತು, ನಮ್ಮಲ್ಲಿ ಹೇಗೋ ಹಾಗೆಯೇ. ಪದವಿ ಮುಗಿದ ಮೇಲೆ ಆ ಋಣ ತೀರಿಸುವ ದಾರಿಯನ್ನೂ ನೆಂಟರು ಗೊತ್ತುಮಾಡಿಟ್ಟಿದ್ದರು. ಸೌದಿ, ಆಗದಿದ್ದರೆ ಕೆನಡಾ. ಇವನು ಹೋಗುವುದಿಲ್ಲ ಎಂದ. ಸೋದರತ್ತೆಯರು ಉಪಕಾರ ಸ್ಮರಣೆಯಿಲ್ಲದವನು ಎಂದರು. ಅದಕ್ಕೆ ಅವನು ಕೊಟ್ಟ ಉತ್ತರ ನನ್ನೊಳಗೆ ಇಂದಿಗೂ ಹಸಿಯಾಗಿದೆ: “ಅಮ್ಮ ಹೋಗಿದ್ದೇ ನಾನು ಇಲ್ಲಿರಲಿ ಅಂತ. ನಾನೂ ಹೊರಟರೆ ಅವಳು ಹೋಗಿದ್ದು ಯಾತಕ್ಕೆ?”

ಇಷ್ಟು ಖಡಾಖಂಡಿತ ಮಾತಾಡುವ ಹುಡುಗ ಸಂಜೆ ಮನೆಗೆ ಬಂದರೆ ಮೊದಲು ಮಾಡುತ್ತಿದ್ದುದು ಲೋಲಾನ ಕೈ ಹಿಡಿದು ಹಣೆಗೊತ್ತಿಕೊಳ್ಳುವುದು. ಅಲ್ಲಿ ಹಿರಿಯರ ಆಶೀರ್ವಾದ ಪಡೆಯುವ ರೀತಿ ಅದು. ನಾನೂ ಹಾಗೇ ಮಾಡುತ್ತಿದ್ದೆ. ಹಿರಿಯರಿಗೆ ಬಾಗುವುದನ್ನು ಅವನು ಬಿಟ್ಟಿರಲಿಲ್ಲ, ಹಿರಿಯರು ಅಂದದ್ದಕ್ಕೆಲ್ಲ ಹೂಂ ಅನ್ನುವುದನ್ನು ಬಿಟ್ಟಿದ್ದ. ಆ ವಯಸ್ಸಿನಲ್ಲಿ ನನಗೆ ಎರಡೂ ಒಂದೇ ಅನ್ನಿಸಿತ್ತು; ಬೇರೆ ಬೇರೆ ಎಂದು ತೋರಿಸಿಕೊಟ್ಟವನು ಅವನು.

ಆ ಗಟ್ಟಿತನ ಎಲ್ಲಿಂದ ಬಂತೆಂದು ಒಂದು ದಿನ ತಿಳಿಯಿತು. ಪಕ್ಕದ ಕಲಾಂಬಾ ಹೊಸೆ ರಿಸಾಲ್ ಹುಟ್ಟಿದ ಊರು. 1861ರಲ್ಲಿ ಹುಟ್ಟಿ, 1896ರ ಡಿಸೆಂಬರ್ 30ರಂದು ಸ್ಪೇನಿನವರ ಗುಂಡಿಗೆ ಎದೆಯೊಡ್ಡಿದ ವೈದ್ಯ, ಕಾದಂಬರಿಕಾರ. 1956ರ ಕಾಯಿದೆಯಿಂದಾಗಿ ಅಲ್ಲಿನ ವಿದ್ಯಾರ್ಥಿಗಳೆಲ್ಲ ಅವನ ಬದುಕು ಬರಹ ಓದಲೇಬೇಕು. ಭಾನುವಾರವೊಂದರಲ್ಲಿ ರಿಸಾಲನ ಮನೆಗೆ ಕರೆದೊಯ್ದ ಗೆಳೆಯ ಕಾದಂಬರಿಗಳ ಮಾತೇ ಎತ್ತಲಿಲ್ಲ. 1889ರಲ್ಲಿ ರಿಸಾಲ್ ಮಾಲೋಲೋಸಿನ ಯುವತಿಯರಿಗೆ ಬರೆದ ಕಾಗದದ ಕತೆ ಹೇಳಿದ. ಸ್ಪ್ಯಾನಿಷ್ ಕಲಿಯಲು ರಾತ್ರಿಶಾಲೆ ಬೇಕೆಂದು 20 ಹುಡುಗಿಯರು 1888ರ ಡಿಸೆಂಬರಿನಲ್ಲಿ ಗವರ್ನರ್ ಜನರಲ್ ಕೈಗೇ ಅರ್ಜಿ ಕೊಟ್ಟಿದ್ದರು, ಊರ ಪಾದ್ರಿ ಬೇಡವೆಂದರೂ ಪಟ್ಟು ಬಿಡಲಿಲ್ಲ. ಅವರನ್ನು ಮೆಚ್ಚಿ ರಿಸಾಲ್ ಬರೆದದ್ದು, ಕಣ್ಣುಮುಚ್ಚಿ ವಿಧೇಯರಾಗಿರುವುದು ಸದ್ಗುಣವಲ್ಲ, ಸ್ವಂತ ಬುದ್ಧಿಯಿಂದ ಯೋಚಿಸುವ ತಾಯಂದಿರು ಬೇಕು ಎಂಬ ಅರ್ಥದ ಮಾತು. “ಆ ಇಪ್ಪತ್ತು ಜನರಲ್ಲಿ ನಮ್ಮ ಲೋಲಾನೂ ಇರಬೇಕಿತ್ತು” ಎಂದ ಅವನ ಮುಖದಲ್ಲಿದ್ದ ಪ್ರೀತಿಯನ್ನು ನಾನು ನೋಡಿದೆ.

ಜೀಪ್ನಿಯಲ್ಲಿ ಓಡಾಡಿದ್ದನ್ನು ಹೇಳದಿದ್ದರೆ ಆ ದಿನಗಳ ಮಾತು ಪೂರ್ತಿಯಾಗದು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಅಮೆರಿಕನ್ ಸೈನ್ಯ ಬಿಟ್ಟುಹೋದ ಜೀಪುಗಳನ್ನು ಉದ್ದ ಮಾಡಿ, ಬಣ್ಣ ಬಳಿದು ಹುಟ್ಟಿಸಿಕೊಂಡ ಗಾಡಿ. ಕಂಡಕ್ಟರ್ ಇರುವುದಿಲ್ಲ. ಹಿಂಬಾಗಿಲ ಬಳಿ ಕೂತವನು ‘ಬಾಯಡ್ ಪೋ’ ಎಂದು ಕಾಸು ಮುಂದೆ ಚಾಚುತ್ತಾನೆ, ಗುರುತಿಲ್ಲದವರ ಕೈಯಿಂದ ಕೈಗೆ ಅದು ಚಾಲಕನಿಗೆ ಮುಟ್ಟುತ್ತದೆ, ಚಿಲ್ಲರೆ ಅದೇ ದಾರಿಯಲ್ಲಿ ವಾಪಸು ಬರುತ್ತದೆ. ಒಂದು ಪೆಸೊ ಕಳೆದದ್ದು ನಾನು ಕಂಡಿಲ್ಲ. ಆದರೆ ಆ ವರ್ಷಗಳಲ್ಲೇ ಪ್ರಯಾಣಿಕರೆಲ್ಲ ತಲೆಬಗ್ಗಿಸಿ ಮೊಬೈಲಿನಲ್ಲಿ ಮೆಸೇಜು ಒತ್ತುತ್ತಿದ್ದರು. 2001ರಲ್ಲಿ ಅಧ್ಯಕ್ಷ ಎಸ್ಟ್ರಾಡಾ ವಿರುದ್ಧ ಬೀದಿಗೆ ಜನ ಸೇರಿಸಿದ್ದೂ ಅಂಥ ಮೆಸೇಜುಗಳೇ. ನನ್ನ ಗೆಳೆಯನಿಗೆ ಎರಡರ ಮೇಲೂ ಅಕ್ಕರೆ. ದೂರದವರ ಕೈಗೆ ಸುದ್ದಿ ಕೊಡುವ ಯಂತ್ರ ಬೇಕು, ಆದರೆ ಪಕ್ಕದವನು ಚಾಚಿದ ಕಾಸಿಗೆ ಕೈಯೊಡ್ಡುವಷ್ಟು ಎಚ್ಚರವೂ ಇರಬೇಕು ಎನ್ನುತ್ತಿದ್ದ. 2017ರಲ್ಲಿ ಹಳೆಯ ಜೀಪ್ನಿಗಳನ್ನು ಬದಲಿಸುವ ಸರ್ಕಾರಿ ಯೋಜನೆ ಶುರುವಾಯಿತೆಂದು ಓದಿದಾಗ ನನಗೆ ಮೊದಲು ನೆನಪಾದದ್ದು ಆ ಕೈಗಳ ಸಾಲು.

2007ರ ಮೇ 14ರಂದು ಅಲ್ಲಿ ಚುನಾವಣೆ. ಹಿಂದಿನ ರಾತ್ರಿ ನಾನು ಲೋಲಾ ಮನೆಯಲ್ಲೇ ಇದ್ದೆ. ಅದೇ ಬೀದಿಯವನೊಬ್ಬ ಬಂದು, ಕೈಮುಗಿಯುವಷ್ಟು ವಿನಯದಿಂದ ಒಂದು ಲಕೋಟೆ ಇಟ್ಟುಹೋದ. ಮಂಡ್ಯದವನಿಗೆ ಅದರೊಳಗೇನಿದೆಯೆಂದು ಯಾರೂ ಹೇಳಬೇಕಾಗಿರಲಿಲ್ಲ. ಮೊಮ್ಮಗ ವಾಪಸು ಕೊಡೋಣ ಎಂದ. ಲೋಲಾ ಒಪ್ಪಲಿಲ್ಲ. 1986ರ ಚುನಾವಣೆಯಲ್ಲಿ ದುಡ್ಡು ಕೊಟ್ಟರೆ ತೆಗೆದುಕೊಳ್ಳಿ, ಓಟು ಮಾತ್ರ ಆತ್ಮಸಾಕ್ಷಿಗೆ ಹಾಕಿ ಎಂದು ಮನಿಲಾದ ಆರ್ಚ್‌ಬಿಷಪ್ ಕಾರ್ಡಿನಲ್ ಸಿನ್ ಅವರೇ ಹೇಳಿದ್ದರು ಎಂಬುದು ಅವರ ವಾದ. “ಎಡ್ಸಾ ಹೆದ್ದಾರಿಯಲ್ಲಿ ಜಪಮಾಲೆ ಹಿಡಿದು ಟ್ಯಾಂಕಿನೆದುರು ಕೂತವಳು ನಾನು. ನನಗೆ ಓಟು ಹೇಳಿಕೊಡಬೇಡ” ಎಂದರು, ಆ ವರ್ಷ ಸರ್ವಾಧಿಕಾರವನ್ನು ಕೆಡವಿದ ಜನರ ಚಳವಳಿಯನ್ನು ನೆನೆದು.

“ಆಗ ಕೊಡುವವರಿಗೆ ನೀವು ಹೆದರಬೇಕಿತ್ತು ಲೋಲಾ. ಈಗ ಕೊಡುವವನು ನಮ್ಮವನೇ. ತಗೊಂಡು ಓಟು ಹಾಕದಿದ್ದರೆ ನಾಳೆ ಅವನ ಮುಖ ನೋಡೋಕೆ ನಾಚಿಕೆಯಾಗುತ್ತೆ. ಅವರು ದುಡ್ಡು ಕೊಡೋದು ಓಟಿಗಲ್ಲ, ನಮ್ಮ ಆ ನಾಚಿಕೆಗೆ.”

ನಾನು ಎಷ್ಟೋ ರಾಜಕೀಯ ವಿಶ್ಲೇಷಣೆ ಓದಿದ್ದೇನೆ. ಒಳ್ಳೆಯ ಜನರ ಒಳ್ಳೆಯತನವನ್ನೇ ಹಿಡಿದು ಹೇಗೆ ಅವರನ್ನು ಕಟ್ಟಿಹಾಕಬಹುದೆಂದು ಇಷ್ಟು ನೇರವಾಗಿ ಹೇಳಿದ ಇನ್ನೊಂದು ಮಾತು ನನಗೆ ಸಿಕ್ಕಿಲ್ಲ. ಲೋಲಾ ಉತ್ತರಿಸಲಿಲ್ಲ. ಲಕೋಟೆಯನ್ನು ಬಾಲಯೇಸುವಿನ ಪೀಠದ ಕೆಳಗಿಟ್ಟು ಮಲಗಿದರು. ಬೆಳಗ್ಗೆ ನಾವು ಏಳುವಷ್ಟರಲ್ಲಿ ಬಾಳೆಲೆಯಲ್ಲಿ ಸುತ್ತಿದ ಸುಮಾನ್, ಅಂದರೆ ತೆಂಗಿನಹಾಲಲ್ಲಿ ಬೇಯಿಸಿದ ಅಂಟಕ್ಕಿಯ ಕಡುಬು, ಒಂದು ಕಟ್ಟು ತಯಾರಾಗಿತ್ತು. ಅದರ ಜೊತೆ ಲಕೋಟೆಯನ್ನೂ ತೆಗೆದುಕೊಂಡು ತಾವೇ ಲಕೋಟೆ ಕೊಟ್ಟವನ ಮನೆಗೆ ಹೊರಟರು. ಸುಮಾನ್ ಯಾಕೆಂದು ಮೊಮ್ಮಗ ಕೇಳಿದ್ದಕ್ಕೆ, ಬರಿಗೈಯಲ್ಲಿ ವಾಪಸು ಕೊಟ್ಟರೆ ಆ ಹುಡುಗನಿಗೆ ಅವಮಾನವಾಗುವುದಿಲ್ಲವೇ ಎಂದರು. ಗೆಳೆಯ ಎದ್ದು ಹೋಗಿ ಅಜ್ಜಿಯ ಕೈಯನ್ನು ಹಣೆಗೊತ್ತಿಕೊಂಡ. ಹಗಲು ಹೊತ್ತಿನಲ್ಲಿ ಅವನು ಹಾಗೆ ಮಾಡಿದ್ದು ನಾನು ಅದೊಂದೇ ಸಲ ನೋಡಿದ್ದು.

ಅದಕ್ಕೆ ಮೊದಲು, 2006ರ ಸೆಪ್ಟೆಂಬರ್ ಕೊನೆಗೆ, ಮಿಲೆನ್ಯೊ ಚಂಡಮಾರುತ ಬಂದಿತ್ತು. ಮರಗಳುರುಳಿ ದಿನಗಟ್ಟಲೆ ಕರೆಂಟಿಲ್ಲ. ಬೀದಿಯವರೆಲ್ಲ ಫ್ರಿಜ್ಜಿನಲ್ಲಿದ್ದದ್ದನ್ನು ಹೊರತೆಗೆದು ಒಂದೇ ಒಲೆಯಲ್ಲಿ ಬೇಯಿಸಿ ಹಂಚಿಕೊಂಡರು. ಮೋಂಬತ್ತಿಯ ಬೆಳಕಿನಲ್ಲಿ ಮಂಡ್ಯದ ಕತೆ ಹೇಳುವ ಸರದಿ ನನ್ನದು.

2008ರಲ್ಲಿ ಅಕ್ಕಿಯ ಬೆಲೆ ಜಗತ್ತಿನಾದ್ಯಂತ ಏರಿತು. ಆಗ ಅತಿಹೆಚ್ಚು ಅಕ್ಕಿ ಆಮದು ಮಾಡಿಕೊಳ್ಳುತ್ತಿದ್ದ ದೇಶವೇ ಫಿಲಿಪೀನ್ಸ್. ಸರ್ಕಾರಿ ಅಕ್ಕಿಗೆ ಉದ್ದನೆಯ ಸಾಲು. ನಿಮ್ಮ ದೇಶ ಅಕ್ಕಿ ಕಳಿಸುವುದನ್ನು ನಿಲ್ಲಿಸಿದೆಯಂತಲ್ಲ ಮಗ ಎಂದು ಲೋಲಾ ಕೇಳಿದಾಗ, ಬಾಸ್ಮತಿಯಲ್ಲದ ಅಕ್ಕಿಯ ರಫ್ತನ್ನು ಭಾರತ ನಿಷೇಧಿಸಿದ್ದು ನಿಜವಾದ್ದರಿಂದ, ನಾನು ಹೌದೆಂದೆ. ನಿಮ್ಮ ಮಕ್ಕಳೂ ಉಣ್ಣಬೇಕಲ್ಲ ಎಂದರು. ಜಗತ್ತಿಗೆಲ್ಲ ಭತ್ತದ ತಳಿ ಕೊಟ್ಟ ಊರಿನ ಪಕ್ಕದಲ್ಲೇ ಗದ್ದೆಗಳು ಕಾರ್ಖಾನೆಗಳಾಗಿ, ಬಡಾವಣೆಗಳಾಗಿ ಹೋಗುತ್ತಿದ್ದುದು ಗೆಳೆಯನನ್ನು ಬಹಳ ಕಲಕಿತು. ಸಂಶೋಧನೆ ಬಿಟ್ಟು ಮೇಷ್ಟ್ರಾಗುತ್ತೇನೆ ಎಂದು ಅವನು ನಿಶ್ಚಯಿಸಿದ್ದು ಆ ಬೇಸಿಗೆಯಲ್ಲೇ. ಸ್ವಲ್ಪ ದಿನಕ್ಕೆ ನಾನೂ ಊರಿಗೆ ಮರಳಿದೆ.

ಲೋಲಾ ಈಗಿಲ್ಲ. ತಾಯಿ ಹಾಂಗ್‌ಕಾಂಗಿನಿಂದ ಶಾಶ್ವತವಾಗಿ ಬಂದು ಆ ಮನೆಯಲ್ಲಿದ್ದಾರೆ. ಗೆಳೆಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಾನೆ, ಮಕ್ಕಳಿಂದ ಗದ್ದೆ ಮಾಡಿಸುತ್ತಾನೆ. ಮೊನ್ನೆ ಫೋನ್ ಮಾಡಿದ್ದ. ಅಕ್ಕನ ಮಗಳು ನರ್ಸಿಂಗ್ ಮುಗಿಸಿ ಇಂಗ್ಲೆಂಡಿಗೆ ಹೊರಟಿದ್ದಾಳಂತೆ. ತಡೆಯಲಿಲ್ಲವೇ ಎಂದೆ. “ಅವಳ ಇಷ್ಟ ಕುಯಾ. ನಾನು ಹೇಳಿದ್ದು ಒಂದೇ, ಮೊದಲ ಎರಡು ವರ್ಷ ಮನೆಗೆ ಒಂದು ಕಾಸೂ ಕಳಿಸಬಾರದು. ಮೊದಲು ಅವಳು ತನ್ನ ಬದುಕು ನೋಡಲಿ.” ಆದರೆ ವರ್ಷಗಟ್ಟಲೆ ಕಾಸು ಕಳಿಸಿದ ಅವನ ತಾಯಿಗೆ ಇದರಿಂದ ಸಿಟ್ಟು ಬಂದಿದೆ. ಕೊಡಬೇಡ ಅನ್ನೋಕೆ ನೀನ್ಯಾರು, ಕಳಿಸೋದರಲ್ಲಿ ನನಗೆಷ್ಟು ಸಂತೋಷವಿತ್ತು ನಿನಗೇನು ಗೊತ್ತು ಎಂದುಬಿಟ್ಟಿದ್ದಾರೆ.

“ನೀವೇನಂತೀರಿ ಕುಯಾ?”

ನಾನು ಅವರಮ್ಮನ ಪರ ಎಂದೆ. ಆ ಕಡೆಯಿಂದ ಹಳೆಯ ಹುರುಪಿನಲ್ಲೇ ವಾದ ಶುರುವಾಯಿತು. ಶಾಲೆಯ ಗಂಟೆ ಬಾರಿಸಿದ್ದರಿಂದ ಅರ್ಧಕ್ಕೆ ನಿಲ್ಲಿಸಿ, ಶುಕ್ರವಾರ ಮತ್ತೆ ಮಾಡುತ್ತೇನೆ, ಅಷ್ಟರಲ್ಲಿ ಗಟ್ಟಿ ಕಾರಣ ಹುಡುಕಿಟ್ಟಿರಿ ಎಂದ.