ಫೇಟಲ್ ಅಂದ್ರೆ ಯಾರೂ ಸತ್ತಿಲ್ಲ

(1/4)

ಕಪ್ಪು ಸ್ಕ್ರೀನ್ ಮೇಲೆ “ಫೇಟಲ್: ನಾಟ್ ಎ ಗಿಟ್ ರೆಪಾಸಿಟರಿ” ಅಂತ ಬಂದು ಎದೆ ಧಸಕ್ ಅಂದವರು ನಿಮ್ಮಲ್ಲಿ ಎಷ್ಟು ಜನ? ಈ ಸಲದ ಸರಣಿ ನಿಮಗೇ.

ಗಿಟ್ ಗೊತ್ತಿಲ್ಲದವರಿಗೆ: ಒಂದು ಪ್ರಾಜೆಕ್ಟಿನ ಫೈಲ್‌ಗಳಲ್ಲಿ ಯಾರು, ಯಾವಾಗ, ಏನು ಬದಲಾಯಿಸಿದರು ಅನ್ನೋ ಲೆಕ್ಕ ಇಡೋ ಸಾಫ್ಟ್‌ವೇರ್ ಅದು. ಲಿನಕ್ಸ್ ಕರ್ನಲ್ ಕೆಲಸಕ್ಕೆ ಬೇಕು ಅಂತ ಲೈನಸ್ ಟೊರ್ವಾಲ್ಡ್ಸ್ 2005ರ ಏಪ್ರಿಲ್‌ನಲ್ಲಿ ಶುರು ಮಾಡಿದ್ದು. ಬಟನ್ ಒತ್ತೋ ಕೆಲಸ ಅಲ್ಲ, ಕಮಾಂಡ್ ಟೈಪ್ ಮಾಡಬೇಕು.

“ಬಿಕಾಂನವರಿಗೆ ಯಾಕಪ್ಪಾ ಇದು?” ಅಂತೀರಾ. ನಮಗಲ್ಲದೆ ಇನ್ಯಾರಿಗೆ ಇದು ಬೇಗ ಅರ್ಥ ಆಗಬೇಕು ಹೇಳಿ! ಜರ್ನಲ್ ಎಂಟ್ರಿ ಕೆಳಗೆ ನರೇಷನ್ ಬರೀತೀವಲ್ಲ, ಕಮಿಟ್ ಮೆಸೇಜ್ ಅಂದ್ರೆ ಅದೇ. ಎಂಟ್ರಿ ತಪ್ಪಾದ್ರೆ ವೈಟ್ನರ್ ಹಚ್ಚಲ್ಲ, ರಿವರ್ಸ್ ಎಂಟ್ರಿ ಹಾಕ್ತೀವಿ; ಗಿಟ್ ರಿವರ್ಟ್ ಮಾಡೋದೂ ಅದನ್ನೇ. ಕಂಪನಿಗಳ ಲೆಕ್ಕದ ಸಾಫ್ಟ್‌ವೇರ್‌ನಲ್ಲಿ ಆಡಿಟ್ ಟ್ರೇಲ್ ಇರಲೇಬೇಕು ಅಂತ 2023ರ ಏಪ್ರಿಲ್ 1ರಿಂದ ನಿಯಮ ಬಂತಲ್ಲ, ಆ ಯೋಚನೆ ಗಿಟ್‌ಗೆ ಹುಟ್ಟಿದಾಗಿಂದಲೂ ಇದೆ.

ತೊಂದರೆ ಇರೋದು ಅದು ಮಾತಾಡೋ ರೀತಿಯಲ್ಲಿ.

(2/4)

ನನಗೆ ಗೊತ್ತಿರೋ ಒಬ್ಬಳು ಜೂನಿಯರ್. ಎಸ್ಸೆಸ್ಸೆಲ್ಸಿವರೆಗೂ ಕನ್ನಡ ಮೀಡಿಯಂ, ಲೆಕ್ಕದಲ್ಲಿ ನಮ್ಮನ್ನೆಲ್ಲ ಮೀರಿಸ್ತಾಳೆ. ಅವಳಿಗೆ ಮೊದಲನೇ ದಿನವೇ ಈ ಮೆಸೇಜ್ ಬಂತು. ಅವಳು ಮಾಡಿದ್ದು ಇಷ್ಟೇ: ಪ್ರಾಜೆಕ್ಟ್ ಇರೋ ಫೋಲ್ಡರ್‌ಗೆ ಹೋಗದೆ, ಅದರ ಹೊರಗೆ ನಿಂತು ಗಿಟ್ ಸ್ಟೇಟಸ್ ಕೊಟ್ಟಳು. ಏನೂ ಹಾಳಾಗಿರಲಿಲ್ಲ. ಆದ್ರೆ ಅವಳು ಸಿಸ್ಟಂ ಆಫ್ ಮಾಡಿ ಎದ್ದು ಹೋದಳು, ಆಮೇಲೆ ಎರಡು ವಾರ ಆ ಕಡೆ ತಲೆ ಹಾಕಲಿಲ್ಲ. “ಅಕ್ಕಪಕ್ಕದವರದ್ದೂ ಹೋಯ್ತೇನೋ ಅನ್ನಿಸ್ತು” ಅಂದಳು.

ನಗಬೇಡಿ. ಫೇಟಲ್ ಅನ್ನೋ ಪದಕ್ಕೆ ನಮ್ಮೂರಲ್ಲಿ ತೂಕ ಬೇರೆ. ಚಾಂಪಿಯನ್ ರೀಫ್ಸ್ ಗಣಿ ಮೂರು ಕಿಲೋಮೀಟರ್‌ಗಿಂತ ಆಳ ಇತ್ತು. ಲೈನ್ ಮನೆಗಳಲ್ಲಿ ಇಂಗ್ಲಿಷ್ ಬಾರದ ಅಜ್ಜಿಯರಿಗೂ ಆ ಒಂದು ಪದ ಗೊತ್ತು, ಯಾಕಂದ್ರೆ ಅದು ಆಕ್ಸಿಡೆಂಟ್ ಅನ್ನೋ ಪದದ ಜೊತೆಗೇ ಮನೆಗೆ ಬರ್ತಿತ್ತು. ಗಣಿ 2001ರ ಫೆಬ್ರವರಿ 28ಕ್ಕೆ ಮುಚ್ಚಿತು, ಪದ ಉಳ್ಕೊಂಡಿದೆ. ಪ್ರೋಗ್ರಾಂ ಬರೆಯೋರ ಪಾಲಿಗೆ ಅದರ ಅರ್ಥ “ಈ ಕಮಾಂಡ್ ಇಲ್ಲಿಗೆ ನಿಲ್ಲಿಸಿದೆ” ಅಂತಷ್ಟೇ.

ಗಣಿ ವಿಷಯ ಬಂದಿದ್ದಕ್ಕೆ ಇನ್ನೊಂದು. ಕೇಜ್ ಮೇಲೆ ಕೆಳಗೆ ಹೋಗೋದು ಗಂಟೆ ಸಿಗ್ನಲ್ ಮೇಲೆ. ಇಷ್ಟು ಹೊಡೆತಕ್ಕೆ ನಿಲ್ಲಿಸು, ಇಷ್ಟಕ್ಕೆ ಇಳಿಸು, ಜನ ಹತ್ತಿದ್ರೆ ಬೇರೆ ಲೆಕ್ಕ. ಆ ಸಿಗ್ನಲ್ ಪಟ್ಟಿಯನ್ನ ಶಾಫ್ಟ್ ಬಾಯಲ್ಲಿ, ಎಂಜಿನ್ ರೂಮಲ್ಲಿ ಕಣ್ಣಿಗೆ ಕಾಣೋ ಹಾಗೆ ಹಾಕಬೇಕು ಅಂತ ಗಣಿ ನಿಯಮದಲ್ಲೇ ಇದೆ. ಆಫೀಸ್ ಬೀರುವಿನ ಪುಸ್ತಕದಲ್ಲಿದ್ರೆ ಯಾರಿಗೆ ಉಪಯೋಗ? ಎರರ್ ಮೆಸೇಜ್ ಕೂಡ ಹಾಗೇನೇ. ಮ್ಯಾನುಯಲ್ ಓದೋರು ಕಮ್ಮಿ. ಸಿಕ್ಕಿಹಾಕ್ಕೊಂಡಾಗ ಎಲ್ಲರೂ ಓದೋದು ಸ್ಕ್ರೀನ್ ಮೇಲಿನ ಆ ಎರಡು ಸಾಲು.

(3/4)

ಗಿಟ್ ಬರೆಯೋರಿಗೆ ಇದು ಗೊತ್ತಿಲ್ಲ ಅಂತಲ್ಲ, ಸುಧಾರಿಸ್ತಾನೇ ಇದ್ದಾರೆ. ಮೊದಲೆಲ್ಲ ಬ್ರಾಂಚ್ ಬದಲಾಯಿಸೋಕೂ ಚೆಕ್‌ಔಟ್, ಫೈಲ್‌ನ ಬದಲಾವಣೆ ಎಸೆದು ಹಳೇದನ್ನ ವಾಪಸ್ ತರೋಕೂ ಚೆಕ್‌ಔಟ್. ಒಂದರಿಂದ ಏನೂ ಕಳ್ಕೊಳ್ಳಲ್ಲ, ಇನ್ನೊಂದರಲ್ಲಿ ಬೆಳಗ್ಗಿಂದ ಮಾಡಿದ ಕೆಲಸ ಮಾಯ. 2019ರ ಆಗಸ್ಟ್‌ನಲ್ಲಿ 2.23 ಆವೃತ್ತಿ ಬಂದಾಗ ಅದನ್ನ ಸ್ವಿಚ್, ರಿಸ್ಟೋರ್ ಅಂತ ಬೇರೆ ಬೇರೆ ಮಾಡಿದರು. ಮೆಸೇಜ್ ತಿದ್ದೋಕೆ ಕೆಲವು ಸಲ ಹೆಸರನ್ನೇ ತಿದ್ದಬೇಕು.

ಒಳ್ಳೆ ಮೆಸೇಜ್ ಹೇಗಿರುತ್ತೆ? ಹೊಸ ಬ್ರಾಂಚ್‌ನಿಂದ ಮೊದಲ ಸಲ ಪುಶ್ ಮಾಡಿ ನೋಡಿ. ಇದಕ್ಕೆ ಅಪ್‌ಸ್ಟ್ರೀಮ್ ಇಲ್ಲ ಅಂತ ಹೇಳಿ, ಕೆಳಗೇ ನಿಮ್ಮ ಬ್ರಾಂಚ್ ಹೆಸರು ಹಾಕಿದ ಪೂರ್ತಿ ಕಮಾಂಡ್ ಕೊಡುತ್ತೆ. ಕಾಪಿ, ಪೇಸ್ಟ್, ಮುಗೀತು. ಕಮಿಟ್ ಸ್ಪೆಲ್ಲಿಂಗ್ ತಪ್ಪಿದ್ರೆ ಅದಕ್ಕೆ ಹತ್ತಿರದ ಕಮಾಂಡ್ ತೋರಿಸುತ್ತೆ, ಆದ್ರೆ ತಾನೇ ಓಡಿಸಿಬಿಡಲ್ಲ. ಈ ಸಂಯಮ ನನಗೆ ತುಂಬಾ ಇಷ್ಟ.

ಇಷ್ಟ ಇಲ್ಲದ್ದೂ ಇದೆ. ಕಮಿಟ್‌ಗೆ ಮುಂಚೆ ಫೈಲ್ ಎತ್ತಿಡೋ ಜಾಗಕ್ಕೆ ಡಾಕ್ಯುಮೆಂಟೇಷನ್‌ನಲ್ಲಿ ಇಂಡೆಕ್ಸ್ ಅಂತಾರೆ, ಇನ್ನೊಂದು ಕಡೆ ಸ್ಟೇಜಿಂಗ್ ಏರಿಯಾ, ಕಮಾಂಡ್‌ನಲ್ಲಿ ಕ್ಯಾಶ್ಡ್. ಮೂರೂ ಒಂದೇ! ಒಂದೇ ಖಾತೆಯನ್ನ ಲೆಡ್ಜರ್‌ನಲ್ಲಿ ಮೂರು ಹೆಸರಲ್ಲಿ ತೆಗೆದ್ರೆ ನಮ್ಮ ಅಕೌಂಟ್ಸ್ ಮೇಷ್ಟ್ರು ಪುಸ್ತಕ ಮುಖದ ಮೇಲೆ ಎಸೀತಿದ್ರು.

ಸರಿ, ನಮ್ಮ ಫೇಟಲ್‌ಗೆ ವಾಪಸ್ ಬರೋಣ. ಅದನ್ನ ನಾನು ಹೀಗೆ ಬರೀತೀನಿ:

“ಇಲ್ಲಿಗೆ ನಿಲ್ಲಿಸಿದೆ. ಈ ಫೋಲ್ಡರ್‌ನಲ್ಲಾಗಲಿ ಇದರ ಮೇಲಿನ ಫೋಲ್ಡರ್‌ಗಳಲ್ಲಾಗಲಿ ಗಿಟ್ ಇಟ್ಟ ಲೆಕ್ಕ ಸಿಗಲಿಲ್ಲ. ನಿಮ್ಮ ಫೈಲ್‌ಗಳಿಗೆ ಏನೂ ಆಗಿಲ್ಲ. ಪ್ರಾಜೆಕ್ಟ್ ಬೇರೆ ಫೋಲ್ಡರ್‌ನಲ್ಲಿದ್ರೆ ಮೊದಲು ಅಲ್ಲಿಗೆ ಹೋಗಿ.”

“ಹೊಸದು ಬೇಕಿದ್ರೆ ಗಿಟ್ ಇನಿಟ್ ಕೊಡಿ” ಅಂತಲೂ ಸೇರಿಸಬಹುದಲ್ಲ ಅಂತ ಒಬ್ಬ ಫ್ರೆಂಡ್ ಕೇಳಿದ. ಎರಡು ದಿನ ಯೋಚನೆ ಮಾಡಿ ಬಿಟ್ಟೆ. ಗಾಬರಿಯಲ್ಲಿರೋರು ಮೊದಲು ಕಂಡ ಕಮಾಂಡ್ ಟೈಪ್ ಮಾಡ್ತಾರೆ. ತಪ್ಪು ಫೋಲ್ಡರ್‌ನಲ್ಲಿ ಇನಿಟ್ ಕೊಟ್ರೆ ಖಾಲಿ ಲೆಕ್ಕ ಒಂದು ಹುಟ್ಟುತ್ತೆ, ಎರರ್ ಹೋಗುತ್ತೆ, ಹಳೇ ಕಮಿಟ್ ಒಂದೂ ಕಾಣಲ್ಲ. ಆಗ ಗಾಬರಿ ಡಬಲ್. ಗಿಟ್‌ನವರು ಆ ಸಲಹೆಯನ್ನ ಅಲ್ಲಿ ಹಾಕದೇ ಇರೋದೇ ಸರಿ ಅಂತ ಈಗ ನನಗನ್ನಿಸುತ್ತೆ.

(4/4)

ಗಿಟ್ 2012ರಲ್ಲೇ ತನ್ನ ಮೆಸೇಜ್‌ಗಳನ್ನ ಬೇರೆ ಭಾಷೆಗೆ ಮಾಡೋಕೆ ಬಾಗಿಲು ತೆಗೀತು. ವಿಯೆಟ್ನಾಮೀಸ್ ಇದೆ, ಟರ್ಕಿಶ್ ಇದೆ, ಬಲ್ಗೇರಿಯನ್ ಇದೆ. ಕನ್ನಡ ಇಲ್ಲ. ಆಗದೇ ಇರೋ ಕೆಲಸವೇನಲ್ಲ ಇದು: ಕನ್ನಡ ವಿಕಿಪೀಡಿಯದ ಬಟನ್, ಮೆನು, ಎಚ್ಚರಿಕೆ ಸಾಲುಗಳನ್ನೆಲ್ಲ ಟ್ರಾನ್ಸ್‌ಲೇಟ್‌ವಿಕಿಯಲ್ಲಿ ಸ್ವಯಂಸೇವಕರೇ ಕೂತು ಕನ್ನಡ ಮಾಡಿದ್ದು.

ಆದ್ರೆ ಡಿಕ್ಷನರಿ ಹಿಡ್ಕೊಂಡು ಕೂತ್ರೆ ಕೆಟ್ಟಿತು. ಫೇಟಲ್‌ಗೆ “ಮಾರಕ” ಅಂತ ಹಾಕಿದ್ರೆ ನಮ್ಮ ಜೂನಿಯರ್ ಇನ್ನೂ ಬೇಗ ಎದ್ದು ಹೋಗ್ತಾಳೆ. ಬ್ರಾಂಚ್‌ಗೆ “ಶಾಖೆ” ಅಂದ್ರೆ ನನಗೆ ಬ್ಯಾಂಕೇ ಕಾಣೋದು. ಬ್ರಾಂಚ್ ಬ್ರಾಂಚ್ ಆಗೇ ಇರಲಿ. ಕನ್ನಡ ಬೇಕಿರೋದು ಹೆಸರುಗಳಿಗಲ್ಲ, ಏನಾಯ್ತು, ಮುಂದೇನು ಅನ್ನೋ ವಾಕ್ಯಕ್ಕೆ.

ಇದಕ್ಕೆ ಕೋಡಿಂಗ್ ಪಂಟರು ಬೇಡ. ಹತ್ತು ವರ್ಷ ಗಿಟ್ ಬಳಸಿದವರ ಕಣ್ಣಿಗೆ ಆ ಸಾಲು ಬೀಳೋದೇ ಇಲ್ಲ. ಮೊದಲ ವಾರದಲ್ಲಿ ಎಡವಿದವರಿಗಷ್ಟೇ ಗೊತ್ತಾಗೋದು ಎಲ್ಲಿ ಕಲ್ಲಿದೆ ಅಂತ. ಗಿಟ್‌ನಲ್ಲಿ ಬಗ್‌ರಿಪೋರ್ಟ್ ಅನ್ನೋ ಕಮಾಂಡೇ ಇದೆ; ಏನು ಮಾಡಿದ್ರಿ, ಏನಾಗುತ್ತೆ ಅಂದ್ಕೊಂಡ್ರಿ, ಆಗಿದ್ದೇನು ಅಂತ ಕೇಳುತ್ತೆ. ಅದೇ ಮೂರು ಪ್ರಶ್ನೆಗೆ ನಿಮ್ಮ ಮಾತಲ್ಲಿ ಉತ್ತರ ಬರೆದು, ಸ್ಕ್ರೀನ್‌ಶಾಟ್ ಜೊತೆ ನನಗೆ ಕಳ್ಸಿ. ಕನ್ನಡ, ತಮಿಳು, ನಮ್ಮೂರ ಮಿಕ್ಸು, ಹೇಗಾದ್ರೂ ಸರಿ. ಮಾರಿಕುಪ್ಪಂ ಟ್ರೇನ್‌ನಲ್ಲಿ ಬಂಗಾರಪೇಟೆವರೆಗೂ ಸೀಟ್ ಸಿಕ್ಕಿದ ದಿನ ಕೂತು ಒಂದೊಂದಾಗಿ ಬರೀತಿದ್ದೀನಿ. ಈವರೆಗೆ ಒಂಬತ್ತು ಮೆಸೇಜ್ ಆಗಿದೆ. ಪ್ರತಿಯೊಂದನ್ನೂ ಮೊದಲು ಆ ಜೂನಿಯರ್‌ಗೆ ಓದೋಕೆ ಕೊಡ್ತೀನಿ, ನಾಲ್ಕನ್ನ ಅವಳು “ಇದೂ ಅರ್ಥ ಆಗ್ಲಿಲ್ಲ” ಅಂತ ವಾಪಸ್ ಕಳ್ಸಿದ್ದಾಳೆ.

#ಕೆಜಿಎಫ್ #ಚಾಂಪಿಯನ್‌ರೀಫ್ಸ್ #ಬಿಕಾಂಹುಡುಗರು #ಕನ್ನಡದಲ್ಲಿಗಿಟ್