ಬೆಳ್ಳಂದೂರು ಕೆರೆಗಿಳಿದ ವಿಮಾನಗಳು

ಹಾವೇರಿಯಲ್ಲಿ ರೈಲು ಹತ್ತಿ, ಬ್ಯಾಡಗಿ, ರಾಣೆಬೆನ್ನೂರು ದಾಟಿ ಬೆಂಗಳೂರಿಗೆ ಹೋಗುವ ನಮ್ಮ ಕಡೆಯವರು ಲಾಲ್‌ಬಾಗ್, ವಿಧಾನಸೌಧ ನೋಡಿ ಬರುವುದು ರೂಢಿ. ಈ ಸಲ ನಾನು ಹಳೇ ವಿಮಾನ ನಿಲ್ದಾಣ ರಸ್ತೆಯ ಎಚ್‌ಎಎಲ್ ವಸ್ತುಸಂಗ್ರಹಾಲಯಕ್ಕೆ ಹೋದೆ. ಒಂದು ಹಾಲ್‌ನಲ್ಲಿ 1940ರಿಂದೀಚಿನ ಫೋಟೋಗಳು. ಇನ್ನೊಂದರಲ್ಲಿ ಒಳಗಿನದೆಲ್ಲ ಕಾಣುವಂತೆ ಸೀಳಿಟ್ಟ ಎಂಜಿನ್‌ಗಳು.

1940ರ ಡಿಸೆಂಬರಿನಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ನೆರವಿನಿಂದ ಇಂದಿನ ಎಚ್‌ಎಎಲ್‌ನ ಮೂಲವಾದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಆರಂಭಿಸಿದರು. ಅಮೆರಿಕದಿಂದ ಬಂದ ಭಾಗಗಳನ್ನು ಜೋಡಿಸಿ 1941ರಲ್ಲಿ ಹಾರ್ಲೋ ತರಬೇತಿ ವಿಮಾನ, ಮರುವರ್ಷ ಕರ್ಟಿಸ್ ಹಾಕ್ ಯುದ್ಧವಿಮಾನ ಹಾರಿಸಿದ್ದಾಯಿತು. ಎರಡನೇ ಮಹಾಯುದ್ಧದ ನಡುವೆ, 1943ರಲ್ಲಿ ಕಾರ್ಖಾನೆ ಅಮೆರಿಕದ ಸೇನೆಯ ಉಸ್ತುವಾರಿಗೆ ಹೋಗಿ, ದೊಡ್ಡ ದುರಸ್ತಿ ಕೇಂದ್ರವೇ ಆಯಿತು. ನೀರಿನ ಮೇಲೆ ಇಳಿಯುವ ಕ್ಯಾಟಲಿನಾಗಳು ಬೆಳ್ಳಂದೂರು ಕೆರೆಗಿಳಿದು ಇಲ್ಲಿಗೆ ಬರುತ್ತಿದ್ದವು!

ಕ್ಯಾಟಲಿನಾ, ಸಾಗಣೆ ವಿಮಾನ ಡಕೋಟಾ ಎರಡಕ್ಕೂ ಒಂದೇ ಎಂಜಿನ್: ಪ್ರ್ಯಾಟ್ ಆಂಡ್ ವಿಟ್ನಿಯ ಟ್ವಿನ್ ವಾಸ್ಪ್. ಗಾತ್ರ 30 ಲೀಟರ್, ಶಕ್ತಿ ಸುಮಾರು 1,200 ಎಚ್‌ಪಿ. ತಂಪಿಗೆ ನೀರಿಲ್ಲ, ಸಿಲಿಂಡರಿನ ಮೈತುಂಬ ತೆಳ್ಳನೆಯ ಲೋಹದ ಪಟ್ಟಿಗಳು, ಅವುಗಳ ನಡುವೆ ನುಗ್ಗುವ ಗಾಳಿಯೇ ಸಾಕು. 14 ಸಿಲಿಂಡರುಗಳು ಏಳೇಳರಂತೆ ಎರಡು ಸಾಲು, ಚಕ್ರಾಕಾರವಾಗಿ. ಏಳೇ ಯಾಕೆ? ಪ್ರತಿ ಸಿಲಿಂಡರಿನಲ್ಲಿ ಕಿಡಿ ಹೊತ್ತುವುದು ಎಂಜಿನ್ ಎರಡು ಸುತ್ತು ತಿರುಗಿದಾಗ ಒಮ್ಮೆ. ಒಂದು ಬಿಟ್ಟು ಒಂದು, ಅಂದರೆ 1, 3, 5, 7, 2, 4, 6 ಎಂದು ಕಿಡಿ ಹೊತ್ತಿದರೆ ಎರಡು ಸುತ್ತಿಗೆ ಏಳರ ಸರದಿಯೂ ಸಮ ಅಂತರದಲ್ಲಿ ಮುಗಿಯುತ್ತದೆ. ಸಿಲಿಂಡರು ಆರೋ ಎಂಟೋ ಆದರೆ ಈ ಲೆಕ್ಕ ಕೂಡುವುದಿಲ್ಲ.

ಇಂಥ 1,73,618 ಎಂಜಿನ್‌ಗಳು ತಯಾರಾದವು. ಮೂಲ ಕಂಪನಿಯೊಂದರಿಂದ ಆಗುವ ಕೆಲಸವಲ್ಲವೆಂದು ಕಾರು ಮಾಡುತ್ತಿದ್ದ ಬ್ಯೂಕ್, ಷೆವ್ರೊಲೆಗಳೂ ಕೈಹಾಕಿದವು. ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿಯ ದರ್ಜೆ ಹೇಳುವುದು ಪಳಗಿದ ಕಣ್ಣು. ಆ ಕಾರ್ಖಾನೆಗಳಲ್ಲಿ ಅಳತೆಯ ಗೇಜ್ ಹೇಳಿದ್ದೇ ಕೊನೆ ಮಾತು. ಯಾರು ಮಾಡಿದ ಪಿಸ್ಟನ್ ಆದರೂ ಯಾವ ಎಂಜಿನ್‌ಗಾದರೂ ಕೂರಬೇಕು. ಅದಕ್ಕೇ ಸಾವಿರಾರು ಮೈಲಿ ಆಚೆಯ ಬೆಂಗಳೂರಿನ ಕೆಲಸಗಾರ ಎಂಜಿನ್ ಬಿಚ್ಚಿ, ಅಳೆದು, ಸವೆದದ್ದನ್ನು ತೆಗೆದು ಹೊಸ ಭಾಗ ಕೂರಿಸಬಲ್ಲವನಾದ.

ಆ ಕಸುಬು ಯುದ್ಧದ ಜೊತೆ ಮುಗಿಯಲಿಲ್ಲ. ಕಾನ್ಪುರದಲ್ಲಿ ಜಖಂಗೊಳಿಸಿ ಬಿಟ್ಟುಹೋಗಿದ್ದ ಲಿಬರೇಟರ್ ಬಾಂಬರುಗಳನ್ನು ಇದೇ ಕಾರ್ಖಾನೆಯವರು ಮತ್ತೆ ಹಾರುವಂತೆ ಮಾಡಿ ನಮ್ಮ ವಾಯುಪಡೆಗೆ ಕೊಟ್ಟರು. ಒಂದೊಂದಕ್ಕೂ ನಾಲ್ಕು ಟ್ವಿನ್ ವಾಸ್ಪ್!

ಮಕ್ಕಳನ್ನು ಇಲ್ಲಿಗೆ ಕರೆತರುವವರು ಅಂಗಳದ ವಿಮಾನಗಳ ಮುಂದೆ ಫೋಟೋ ತೆಗೆಸಿಕೊಂಡು ಹೊರಟುಬಿಡಬೇಡಿ. ಎಂಜಿನ್ ಹಾಲ್‌ಗೆ ಅರ್ಧ ಗಂಟೆಯಾದರೂ ಕೊಡಿ.