ಉಳಿತಾಯಕ್ಕೊಂದು ಪರಿಮಾಣ

ದುಡಿಮೆಯ ಕಾಲದಲ್ಲಿ ಮನುಷ್ಯನಿಗೆ ಹಣವನ್ನು ಸಂಪಾದಿಸುವ ಚಿಂತೆ. ನಿವೃತ್ತಿಯ ಕಾಲದಲ್ಲಿ ಸಂಪಾದಿಸಿದ್ದನ್ನು ಕಾಯುವ ಚಿಂತೆ. ಎರಡನೆಯದು ಮೊದಲನೆಯದಕ್ಕಿಂತ ಸೂಕ್ಷ್ಮವಾದುದು. ಗಳಿಕೆಯ ಆಸೆಯನ್ನು ಲೋಕ ಬೇಗನೆ ಗುರುತಿಸುತ್ತದೆ. ಕಾಯುವ ಆಸೆಯೋ ಮಿತವ್ಯಯವೆಂಬ ಒಳ್ಳೆಯ ಹೆಸರಿನ ಮರೆಯಲ್ಲಿ ನಿಲ್ಲಬಲ್ಲದು. ಮಿತವ್ಯಯ ಗೃಹಸ್ಥನಿಗೆ ಭೂಷಣವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅದು ಯಾರ ಪಾಲನ್ನು ಕಡಿಮೆ ಮಾಡಿ ನಡೆಯುತ್ತಿದೆ ಎಂಬ ಪ್ರಶ್ನೆಯನ್ನು ಕೇಳಿಕೊಳ್ಳದೆ ಹೋದಲ್ಲಿ ಆ ಭೂಷಣವೇ ದೂಷಣವಾದೀತು. ಉತ್ತರ ಕೊಡಗಿನ ಒಂದು ಸಂಸಾರದ ಲೆಕ್ಕದ ಪುಸ್ತಕ ಈ ಮಾತಿಗೆ ನಿದರ್ಶನವಾಗಿದೆ.

ಕೊಡಗು ಯೋಧರ ನಾಡು. ಆದ್ದರಿಂದಲೇ ಅದು ಎಳೆಯ ವಯಸ್ಸಿನಲ್ಲಿ ನಿವೃತ್ತರಾದವರ ನಾಡೂ ಹೌದು. ಶನಿವಾರಸಂತೆಯಲ್ಲಿ ಜನಿಸಿದ ಕೆ. ಎಂ. ಕಾರ್ಯಪ್ಪನವರು 1919ರಲ್ಲಿ ಸೇನೆಯ ಅಧಿಕಾರಿಯಾಗಿ, 1949ರ ಜನವರಿ 15ರಂದು ಭಾರತೀಯ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾಗಿ, 1953ರ ಜನವರಿಯಲ್ಲಿ ನಿವೃತ್ತರಾದರು. ಆಮೇಲೆ ಆಸ್ಟ್ರೇಲಿಯಾದಲ್ಲಿ ಹೈಕಮಿಷನರ್ ಆಗಿದ್ದು, ಮಡಿಕೇರಿಯ ತಮ್ಮ ಮನೆಯಲ್ಲಿ ದೀರ್ಘಕಾಲ ಬಾಳಿ, 1993ರ ಮೇ ತಿಂಗಳಲ್ಲಿ ನಿಧನರಾದರು. ಸೇವೆಯ ಅವಧಿ ಮೂವತ್ತಮೂರು ವರ್ಷಗಳಾದರೆ, ಸೇನೆಯನ್ನು ಬಿಟ್ಟ ಮೇಲಿನ ಅವಧಿ ನಲವತ್ತು ವರ್ಷ. ದುಡಿದ ಕಾಲಕ್ಕಿಂತ ದುಡಿಮೆ ಮುಗಿದ ಮೇಲಿನ ಕಾಲವೇ ದೊಡ್ಡದಾಗುವ ಈ ಸಂಗತಿ ಸೇನಾಪತಿಗಳಿಗೆ ಮಾತ್ರ ಸೀಮಿತವಲ್ಲ. ಸಾಮಾನ್ಯ ಜವಾನನಲ್ಲಿ ಅದು ಇನ್ನೂ ತೀವ್ರ. ಸೇನೆಯಲ್ಲಿ ಹದಿನೈದು ವರ್ಷ ಸೇವೆ ಸಲ್ಲಿಸಿದ ಜವಾನ ಪಿಂಚಣಿಗೆ ಅರ್ಹನಾಗುತ್ತಾನೆ; ಮೂವತ್ತೈದು, ನಲವತ್ತರ ಆಸುಪಾಸಿನಲ್ಲಿ ಊರಿಗೆ ಮರಳುತ್ತಾನೆ. ಮಕ್ಕಳು ಇನ್ನೂ ಶಾಲೆಯಲ್ಲಿರುತ್ತಾರೆ. ತೋಳಿನಲ್ಲಿ ಬಲವಿರುತ್ತದೆ, ಕೈಯಲ್ಲಿ ಅಂದಿನವರೆಗೆ ಕಂಡರಿಯದ ಇಡಿಗಂಟು ಇರುತ್ತದೆ.

ಶನಿವಾರಸಂತೆಯ ಕಡೆಯ ಒಂದು ಹಳ್ಳಿಗೆ 1999ರಲ್ಲಿ ಮರಳಿದ ಹವಾಲ್ದಾರರೊಬ್ಬರಿಗೆ ಆಗ ನಲವತ್ತಮೂರು ವರ್ಷ. ಇಪ್ಪತ್ತನಾಲ್ಕು ವರ್ಷಗಳ ಸೇವೆ, ಮೂರು ಎಕರೆ ಕಾಫಿ ತೋಟ, ಅರ್ಧ ಎಕರೆ ಗದ್ದೆ, ಓದುವ ಇಬ್ಬರು ಮಕ್ಕಳು, ಇವು ಅವರ ಆಸ್ತಿ. ಪಿಂಚಣಿಯ ಒಂದು ಭಾಗವನ್ನು ಬಿಟ್ಟುಕೊಟ್ಟು ಅದರ ಬದಲಿಗೆ ಒಟ್ಟು ಮೊತ್ತವನ್ನು ಪಡೆಯುವ ಅವಕಾಶ ಸರ್ಕಾರಿ ನಿಯಮಗಳಲ್ಲಿ ಉಂಟು. ಬಿಟ್ಟುಕೊಟ್ಟ ಭಾಗ ಹದಿನೈದು ವರ್ಷಗಳ ತರುವಾಯ ಮತ್ತೆ ಪಿಂಚಣಿಗೆ ಸೇರುತ್ತದೆ. ಹವಾಲ್ದಾರರು ಆ ಅವಕಾಶವನ್ನು ಬಳಸಿಕೊಂಡಿದ್ದರು. ಗಂಟು ಬಂದ ಸುದ್ದಿ ತಿಳಿಯುತ್ತಲೇ ಸಲಹೆಗಾರರೂ ಬಂದರು. ಒಬ್ಬರು ಜೀಪು ಕೊಳ್ಳಿರೆಂದರು. ಮತ್ತೊಬ್ಬರು ತೇಗದ ಗಿಡಗಳ ಹೆಸರಿನಲ್ಲಿ ಹಣ ತೊಡಗಿಸಿದರೆ ಕೆಲವೇ ವರ್ಷಗಳಲ್ಲಿ ಹಲವು ಪಾಲಾಗುವುದೆಂದು ಬಣ್ಣದ ಪತ್ರಗಳನ್ನು ತೋರಿಸಿದರು. ಹವಾಲ್ದಾರರು ಎಲ್ಲರಿಗೂ ಕಾಫಿ ಕೊಟ್ಟು ಕಳುಹಿಸಿ, ಸೋರುತ್ತಿದ್ದ ಮನೆಯ ಮಾಡನ್ನು ದುರಸ್ತಿ ಮಾಡಿಸಿ, ಮಿಕ್ಕಿದ್ದನ್ನು ಅಂಚೆ ಕಚೇರಿಯಲ್ಲಿಯೂ ಬ್ಯಾಂಕಿನಲ್ಲಿಯೂ ಠೇವಣಿಯಾಗಿಟ್ಟರು.

ಪತಿಪತ್ನಿಯರು ಕುಳಿತು ಮೂರು ನಿಯಮಗಳನ್ನು ಮಾಡಿಕೊಂಡರು. ಮನೆಯ ನಿತ್ಯದ ಖರ್ಚು ಪಿಂಚಣಿಯ ಒಳಗೇ ಮುಗಿಯಬೇಕು. ಕಾಫಿಯ ಹಣ ಬಂದ ವರ್ಷ ಅದನ್ನು ಮುಟ್ಟಕೂಡದು. ಈ ವರ್ಷದ ತೋಟದ ಖರ್ಚು ಕಳೆದ ವರ್ಷದ ಬೆಳೆಯಿಂದ ನಡೆಯಬೇಕು. ಠೇವಣಿ ಮಕ್ಕಳ ಓದಿಗೆ ಮಾತ್ರ. ಎರಡನೆಯ ನಿಯಮದ ಹಿಂದೆ ಕೊಡಗಿನ ಅನುಭವವೇ ಇತ್ತು. 1940ರ ದಶಕದಿಂದ ಬೆಳೆಗಾರರು ಕಾಫಿಯನ್ನು ಕಾಫಿ ಬೋರ್ಡಿನ ಪೂಲ್‌ಗೆ ಒಪ್ಪಿಸುತ್ತಿದ್ದರು. ಹಣ ಕಂತುಕಂತಾಗಿ ಬರುತ್ತಿತ್ತು. ಕಂತು ತಡವಾಯಿತೆಂದು ಗೊಣಗಿದವರಿಗೂ ಅದು ತಿಳಿಯದಂತೆ ಒಂದು ಸಂಯಮವನ್ನು ಕಲಿಸಿತ್ತು. 1992ರಿಂದ 1996ರೊಳಗೆ ಆ ಪದ್ಧತಿ ಹಂತಹಂತವಾಗಿ ಸಡಿಲವಾಯಿತು. 1994ರಲ್ಲಿ ಬ್ರೆಜಿಲ್ ದೇಶದ ತೋಟಗಳ ಮೇಲೆ ಹಿಮ ಬಿದ್ದು ಲೋಕದಲ್ಲೆಲ್ಲ ಕಾಫಿಯ ಬೆಲೆ ಏರಿತು. ಒಮ್ಮೆಲೇ ಬಂದ ಹಣ ಅನೇಕ ಮನೆಗಳಲ್ಲಿ ಒಮ್ಮೆಲೇ ಹೋಯಿತು. ಆಗ ರಜೆಯಲ್ಲಿ ಬಂದಾಗಲೆಲ್ಲ ಹವಾಲ್ದಾರರು ಅದನ್ನು ನೋಡಿದ್ದರು.

ಅವರ ದಿನಚರಿಯಲ್ಲಿ ಆಡಂಬರಕ್ಕೆ ಎಡೆಯಿರಲಿಲ್ಲ. ನಸುಕಿನಲ್ಲೇ ಎದ್ದು ಕೊಟ್ಟಿಗೆಯ ಕೆಲಸ, ಬಳಿಕ ತೋಟ. ಕಸಿ ಮಾಡುವುದು, ನೆರಳಿನ ಮರಗಳ ಕೊಂಬೆ ಕಡಿಯುವುದು, ಗೊಬ್ಬರ ಹಾಕುವುದು ಇವುಗಳಲ್ಲಿ ತಮ್ಮ ಕೈಯಿಂದ ಆಗುವುದನ್ನು ಕೂಲಿಗೆ ಬಿಡುತ್ತಿರಲಿಲ್ಲ. ಕಡಿದ ಕೊಂಬೆಗಳೇ ವರ್ಷದ ಸೌದೆ. ಮುಂಗಾರು ಹಿಡಿಯುವ ಮೊದಲೇ ಅಕ್ಕಿ, ಬೇಳೆ, ಉಪ್ಪು, ಸೀಮೆಎಣ್ಣೆ ಒಳಗೆ ಸೇರುತ್ತಿದ್ದವು. ಮಳೆಗಾಲದಲ್ಲಿ ಕಣಿಲೆ, ಕೆಸುವಿನ ಸೊಪ್ಪು, ಹಿತ್ತಲಿನ ಸೌತೆ. ಮಿಕ್ಕಿದ್ದಕ್ಕೆ ಶನಿವಾರದ ಸಂತೆ. ಸೇನೆಯಿಂದ ತಂದ ಕಂಬಳಿ, ದೊಡ್ಡ ಕೋಟು ಹತ್ತಾರು ಚಳಿಗಾಲಗಳನ್ನು ಕಂಡವು. ಸೇನಾ ಕ್ಯಾಂಟೀನಿನಲ್ಲಿ ಸಾಮಾನು ಅಗ್ಗವೆಂದು ಹೋಗಿ ಬೇಡದ್ದನ್ನೂ ಹೊತ್ತು ತರುವವರನ್ನು ಕಂಡು, "ಬೇಡದ ಸಾಮಾನು ಅರ್ಧ ಬೆಲೆಗೆ ಸಿಕ್ಕಿದರೂ ಅದು ದುಬಾರಿಯೇ" ಎಂದು ಅವರ ಪತ್ನಿ ಹೇಳುತ್ತಿದ್ದರು. ಮಾಜಿ ಸೈನಿಕರಿಗೆ ದೊರೆಯುವ ಮದ್ಯದ ಪಾಲನ್ನು ಪಡೆದು ಹೊರಗೆ ಮಾರಿದರೆ ತಿಂಗಳ ತರಕಾರಿಯ ಖರ್ಚು ಹೊರಡುವುದೆಂದು ಪರಿಚಿತರು ಹೇಳಿಕೊಟ್ಟರು. ನಿಷಿದ್ಧವಾದ ಆ ಲಾಭ ತಮ್ಮ ಪುಸ್ತಕದಲ್ಲಿ ಯಾವ ಕಲಮಿನ ಕೆಳಗೂ ಬರೆಯಲು ಬಾರದೆಂದು ಹವಾಲ್ದಾರರು ಅದನ್ನು ಪಡೆಯಲೇ ಇಲ್ಲ.

ಆ ಪುಸ್ತಕವೆಂದರೆ ಉದ್ದನೆಯ ಗೀಟುಹಾಳೆಯ ಒಂದು ನೋಟ್‌ಬುಕ್. ರಾತ್ರಿ ಊಟದ ನಂತರ ಅಂದಿನ ಜಮಾಖರ್ಚು ಅದರಲ್ಲಿ ಏರಲೇಬೇಕು. ಬೆಂಕಿಪೊಟ್ಟಣದ ಎಂಟಾಣೆಯೂ ತಪ್ಪುತ್ತಿರಲಿಲ್ಲ. ಊರಿನವರು ಮೊದಮೊದಲು ನಕ್ಕರು. 2001ರ ಸುಮಾರಿಗೆ ಕಾಫಿಯ ಬೆಲೆ ತೀರಾ ಕುಸಿದು, ಜೀಪು ಕೊಂಡವರು ಅದನ್ನು ಮಾರಲು ತೊಡಗಿದಾಗ ನಗು ನಿಂತಿತು. ಹವಾಲ್ದಾರರ ಮನೆಯಲ್ಲಿ ಸಾಲವಿರಲಿಲ್ಲ. ಮಕ್ಕಳ ಶಾಲೆಯ ಶುಲ್ಕ ನಿಲ್ಲಲಿಲ್ಲ. ನಿಯಮ ತಮ್ಮನ್ನು ಕಾಪಾಡಿತೆಂಬ ಭಾವನೆ ಅವರಲ್ಲಿ ಬಲವಾಯಿತು. ಪರೀಕ್ಷೆ ಬಂದದ್ದು ಆಗಲೇ.

ತೋಟದಲ್ಲಿ ಅವರ ತಾಯಿಯ ಕಾಲದಿಂದಲೂ ಕೆಲಸ ಮಾಡುತ್ತಿದ್ದ ಹೆಂಗಸೊಬ್ಬಳಿದ್ದಳು. 2002ರ ಜೂನ್ ತಿಂಗಳಲ್ಲಿ ಅವಳ ಗಂಡ ಬೇರೊಂದು ತೋಟದಲ್ಲಿ ಮರಗಸಿ ಮಾಡುವಾಗ ಏಣಿಯಿಂದ ಬಿದ್ದು ಕಾಲು ಮುರಿದುಕೊಂಡ. ಮಳೆ ಹಿಡಿದ ಕಾಲ, ಕೂಲಿಯೂ ವಿರಳ. ಅವಳು ಬಂದು ಮೂರು ಸಾವಿರ ರೂಪಾಯಿ ಮುಂಗಡ ಕೇಳಿದಳು. ಕೊಯ್ಲಿನ ಕೂಲಿಯಲ್ಲಿ ಮುರಿದುಕೊಳ್ಳಿರೆಂದಳು. ಹವಾಲ್ದಾರರು ಪುಸ್ತಕವನ್ನು ತೆರೆದು ನೋಡಿದರು. ಕಳೆದ ವರ್ಷದ ಬೆಳೆಯ ಹಣ ಗೊಬ್ಬರಕ್ಕೂ ಕಳೆ ತೆಗೆಯುವುದಕ್ಕೂ ಸರಿಯಾಗುತ್ತಿತ್ತು. ಠೇವಣಿಯನ್ನು ಮುಟ್ಟುವಂತಿಲ್ಲ. "ಈ ವರ್ಷ ಮುಂಗಡ ಯಾರಿಗೂ ಇಲ್ಲಮ್ಮಾ" ಎಂದರು. ಅವಳು ಮರುಮಾತಾಡದೆ ಹೋದಳು. ಅಂದಿನ ಪುಟದಲ್ಲಿ ಬರೆಯಲು ಏನೂ ಇರಲಿಲ್ಲ. ಕೊಡದ ಹಣಕ್ಕೆ ಲೆಕ್ಕದಲ್ಲಿ ಸ್ಥಳವಿಲ್ಲ.

ಮರುವರ್ಷ ಫೆಬ್ರವರಿಯಲ್ಲಿ ಕಾಫಿ ಕೊಯ್ಲು ಮುಗಿಯುತ್ತಿದ್ದಾಗ, ಅವಳ ಕಿವಿಯಲ್ಲಿ ಓಲೆ ಇಲ್ಲದ್ದನ್ನೂ, ಉಳಿದವರು ಮನೆಗೆ ಹೊರಟ ಮೇಲೂ ಅವಳು ಕಣದಲ್ಲಿ ಕೆಲಸ ಹುಡುಕುತ್ತಿದ್ದುದನ್ನೂ ಹವಾಲ್ದಾರರ ಪತ್ನಿ ಗಮನಿಸಿದರು. ಕೇಳಿದಾಗ ವಿಷಯ ತಿಳಿಯಿತು. ತಿಂಗಳಿಗೆ ನೂರಕ್ಕೆ ಹತ್ತರ ಬಡ್ಡಿಯಲ್ಲಿ ಮೂರು ಸಾವಿರ ತಂದಿದ್ದಳು. ಎಂಟು ತಿಂಗಳು ಕಳೆದಿತ್ತು. ಓಲೆಯನ್ನು ಮಾರಿ, ಕೊಯ್ಲಿನ ಕೂಲಿಯನ್ನೆಲ್ಲ ಸೇರಿಸಿ ಆ ವಾರವಷ್ಟೇ ಸಾಲವನ್ನು ತೀರಿಸಿದ್ದಳು.

ಅಂದಿನ ರಾತ್ರಿ ಪತ್ನಿ ಪುಸ್ತಕವನ್ನು ಕೇಳಿ ಪಡೆದು, ಕೊನೆಯ ಹಾಳೆಯಲ್ಲಿ ಎರಡು ಸಾಲು ಬರೆದರು. ಮೂರು ಸಾವಿರಕ್ಕೆ ಬ್ಯಾಂಕಿನಲ್ಲಿ ವರ್ಷಕ್ಕೆ ನೂರಕ್ಕೆ ಎಂಟರಂತೆ ಎಂಟು ತಿಂಗಳಲ್ಲಿ ನಮಗೆ ಬಂದ ಬಡ್ಡಿ, ರೂ. 160. ಅದೇ ಮೂರು ಸಾವಿರಕ್ಕೆ ಅದೇ ಎಂಟು ತಿಂಗಳಲ್ಲಿ ಅವಳು ತೆತ್ತ ಬಡ್ಡಿ, ರೂ. 2,400.

ಹವಾಲ್ದಾರರು ಓದಿ, "ನಿಯಮವೆಂದರೆ ನಿಯಮ. ಒಬ್ಬರಿಗೆ ಕೊಟ್ಟರೆ ನಾಳೆ ಹತ್ತು ಜನ ಬಂದು ನಿಲ್ಲುತ್ತಾರೆ" ಎಂದರು.

"ನಿಯಮ ಮಾಡಿಕೊಂಡದ್ದು ನಮ್ಮ ಖರ್ಚಿಗೆ ಅಲ್ಲವೇ? ಅವಳ ಕಷ್ಟದ ಮೇಲೆ ಅದನ್ನು ಹಾಕಿದವರು ನಾವು. ನಿಮ್ಮ ಸಿಗರೇಟು ಈ ಎಂಟು ತಿಂಗಳಲ್ಲಿ ಒಂದು ದಿನವಾದರೂ ನಿಂತಿದೆಯೇ, ನೋಡಿ" ಎಂದರು ಪತ್ನಿ.

ಪುಸ್ತಕದಲ್ಲಿ ಅದರ ಲೆಕ್ಕವೂ ಇತ್ತು. ಹವಾಲ್ದಾರರು ಹಾಳೆಗಳನ್ನು ತಿರುವಿ ಕೂಡಿದರು, ಮಾತನಾಡಲಿಲ್ಲ. ಎರಡು ದಿನಗಳ ಬಳಿಕ 2,400 ರೂಪಾಯಿಯನ್ನು ಲಕೋಟೆಯಲ್ಲಿಟ್ಟು ಅವಳ ಮನೆಗೆ ಹೋದರು. ಅವಳು ಕುಳ್ಳಿರಿಸಿ ಕರಿಕಾಫಿ ಕೊಟ್ಟಳು. ಲಕೋಟೆಯನ್ನು ಮಾತ್ರ ಮುಟ್ಟಲಿಲ್ಲ. "ಆವತ್ತು ಕೊಟ್ಟಿದ್ರೆ ಸಾಲ ಅಂತ ಈಸ್ಕೊಳ್ತಿದ್ದೆ ಅಣ್ಣಾ. ಇವತ್ತು ಕೊಟ್ರೆ ಧರ್ಮ ಆಗುತ್ತೆ. ಅದು ನಂಗೆ ಬೇಡ" ಎಂದಳು.

ಗೃಹಸ್ಥನ ಅಣುವ್ರತಗಳಲ್ಲಿ ಐದನೆಯದಾದ ಪರಿಗ್ರಹ ಪರಿಮಾಣವನ್ನು ಇಲ್ಲಿ ನೆನೆಯಬೇಕು. ಭೂಮಿ, ಮನೆ, ಬೆಳ್ಳಿ, ಬಂಗಾರ, ಧನ, ಧಾನ್ಯ ಮೊದಲಾದವುಗಳಿಗೆ ಗೃಹಸ್ಥ ತಾನೇ ಒಂದು ಮಿತಿಯನ್ನು ಹಾಕಿಕೊಳ್ಳುವುದು ಈ ವ್ರತ. ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಇದರ ಅತಿಚಾರಗಳನ್ನು ಹೇಳುವಾಗ ಅತಿಸಂಗ್ರಹ, ಲೋಭಗಳ ಜತೆಗೇ ಅತಿಭಾರವಹನವನ್ನೂ ಎಣಿಸಿದ್ದಾರೆ. ಅಹಿಂಸಾಣುವ್ರತದ ಅತಿಚಾರಗಳಲ್ಲಿಯೂ ಮಿತಿಮೀರಿ ಹೊರೆ ಹೊರಿಸುವುದು ಮತ್ತು ಆಹಾರವನ್ನು ತಡೆಯುವುದು ಸೇರಿವೆ. ಹೊರೆಯ ಮಾತು ಎರಡು ವ್ರತಗಳಲ್ಲಿಯೂ ಬಂದಿರುವುದು ವಿಚಾರಾರ್ಹ. ತನ್ನ ಸಂಗ್ರಹವನ್ನು ಉಳಿಸಿಕೊಳ್ಳಲು ಆಶ್ರಿತರ ಬೆನ್ನಿನ ಮೇಲೆ ಹೊರೆಯನ್ನು ಏರಿಸಿದವನು ಒಂದೇ ಕ್ರಿಯೆಯಿಂದ ಲೋಭಿಯೂ ಹಿಂಸಕನೂ ಆಗುತ್ತಾನೆ. ಪ್ರಾಚೀನರು ಎತ್ತು ಕತ್ತೆಗಳ ಬೆನ್ನನ್ನು ಕಂಡು ಹೇಳಿದ ಮಾತನ್ನು ಇಂದು ಕೂಲಿಯವರ ಮನೆಯ ಸಾಲದಲ್ಲಿ ಕಾಣಬೇಕಾಗಿದೆ. ಹವಾಲ್ದಾರರ ದಂಪತಿಗಳು ಈ ವ್ರತಗಳ ಹೆಸರನ್ನು ಕೇಳಿದವರಲ್ಲ. ಆದರೆ ಆ ಎರಡು ಸಾಲುಗಳು ಅವರನ್ನು ಅದೇ ಅರ್ಥದ ಬಾಗಿಲಿಗೆ ತಂದು ನಿಲ್ಲಿಸಿದವು.

ಯುಗಾದಿಯಂದು ಹೊಸ ಪುಸ್ತಕ ತೆರೆದಾಗ ಹವಾಲ್ದಾರರು ಹೊಸದೊಂದು ಕಲಮು ಹಾಕಿದರು: 'ಪರರ ಬಾಬ್ತು'. ಅದಕ್ಕೆ ಹಣ ಠೇವಣಿಯಿಂದ ಬರಲಿಲ್ಲ, ಕೂಲಿಯಿಂದಲೂ ಬರಲಿಲ್ಲ. ಸಿಗರೇಟು ನಿಂತಿತು. ವರ್ಷಕ್ಕೊಮ್ಮೆಯ ರೆಜಿಮೆಂಟಿನ ಗೆಳೆಯರ ಕೂಟಕ್ಕೆ ಹೋಗುವುದು ಎರಡು ವರ್ಷಕ್ಕೊಮ್ಮೆ ಆಯಿತು. ಪತ್ನಿ ಹಾಲು ಮಾರಿದ ಹಣದಲ್ಲಿ ತಮ್ಮ ಪಾಲನ್ನು ಸೇರಿಸಿದರು. ಆ ಬಾಬ್ತಿಗೂ ಒಂದು ಮಿತಿಯಿತ್ತು. ಮುಗಿದ ದಿನ ಮುಗಿಯಿತೆಂದು ಹೇಳುತ್ತಿದ್ದರು. ಹತ್ತು ಜನ ಬಂದು ನಿಲ್ಲುತ್ತಾರೆಂಬ ಭಯ ಸುಳ್ಳಾಯಿತು. ಬಂದವರು ವರ್ಷಕ್ಕೆ ಇಬ್ಬರೋ ಮೂವರೋ. ಹೆಚ್ಚಿನವರು ಕೊಯ್ಲಿನಲ್ಲಿ ತೀರಿಸಿದರು, ಒಬ್ಬಿಬ್ಬರು ತೀರಿಸಲಿಲ್ಲ. ತೀರದ ಸಾಲವನ್ನು ಹವಾಲ್ದಾರರು ವರ್ಷದ ಕೊನೆಯಲ್ಲಿ ಸದ್ದಿಲ್ಲದೆ ಹೊಡೆದುಹಾಕುತ್ತಿದ್ದರು.

2014ರಲ್ಲಿ, ಬಿಟ್ಟುಕೊಟ್ಟಿದ್ದ ಪಿಂಚಣಿಯ ಭಾಗ ಹದಿನೈದು ವರ್ಷ ತುಂಬಿ ಮರಳಿ ಬಂತು. ಮರುವರ್ಷ ನವೆಂಬರಿನಲ್ಲಿ ಒಂದು ಶ್ರೇಣಿ ಒಂದು ಪಿಂಚಣಿಯ ಆದೇಶವಾಯಿತು; 2014ರ ಜುಲೈನಿಂದ ಅನ್ವಯವಾದುದರಿಂದ ಬಾಕಿ ಹಣವೂ ಕಂತುಗಳಲ್ಲಿ ಸೇರಿತು. ಮಕ್ಕಳು ಅಷ್ಟರಲ್ಲಿ ತಮ್ಮ ಕಾಲಿನ ಮೇಲೆ ನಿಂತಿದ್ದರು. ಇನ್ನು ಕಾರು ಕೊಳ್ಳಬಹುದೆಂದು ಬಂಧುಗಳು ಹೇಳಿದರು. ದಂಪತಿಗಳು ಹಳೆಯ ಪುಸ್ತಕಗಳನ್ನು ಮುಂದಿಟ್ಟುಕೊಂಡು, ಬೆಲೆ ಏರಿದ್ದಕ್ಕೆ ತಕ್ಕಷ್ಟು ಮನೆಯ ಖರ್ಚನ್ನು ಹೆಚ್ಚಿಸಿ, ಔಷಧಿಗೆಂದು ಒಂದಿಷ್ಟು ತೆಗೆದಿರಿಸಿ, ಉಳಿದುದರಲ್ಲಿ ಅರ್ಧವನ್ನು ಪರರ ಬಾಬ್ತಿಗೆ ಬರೆದರು. ವರಮಾನ ಏರಿತೆಂದು ಅಗತ್ಯವೂ ಏರಬೇಕಾಗಿಲ್ಲವೆಂಬುದು ಅವರ ನಿಲುವು. 2018ರ ಆಗಸ್ಟಿನಲ್ಲಿ ಮಡಿಕೇರಿ, ಸೋಮವಾರಪೇಟೆ ತಾಲ್ಲೂಕುಗಳಲ್ಲಿ ಬೆಟ್ಟಗಳು ಕುಸಿದಾಗ ಅವರ ಹಳ್ಳಿ ಉಳಿಯಿತು. ಕೂಲಿ ಮಾತ್ರ ವಾರಗಟ್ಟಲೆ ನಿಂತಿತು. ಆಗ ಆರು ಮನೆಗಳಿಗೆ ಅಕ್ಕಿ ಹೋದದ್ದು ಆ ಕಲಮಿನಿಂದಲೇ.

ಅವರು ಸಂತೆಗೆ ಹೋಗುವ ಆ ಸೀಮೆಯಲ್ಲಿಯೇ ಮುಳ್ಳೂರಿನ ಪ್ರಾಚೀನ ಬಸದಿಗಳಿವೆ. ಕೊಂಗಾಳ್ವ ದೊರೆ ರಾಜೇಂದ್ರನ ತಾಯಿ ಪೋಚಬ್ಬರಸಿ 1058ರಲ್ಲಿ ಅಲ್ಲಿ ಬಸದಿಯನ್ನು ಕಟ್ಟಿಸಿ ದತ್ತಿ ಬಿಟ್ಟುದನ್ನು ಶಾಸನ ತಿಳಿಸುತ್ತದೆ. ಆ ರಾಜ್ಯದ ಬೊಕ್ಕಸದಲ್ಲಿ ಎಷ್ಟು ಉಳಿದಿತ್ತೆಂಬುದನ್ನು ಯಾವ ಕಲ್ಲೂ ಹೇಳುವುದಿಲ್ಲ. ಕೊಟ್ಟದ್ದು ಮಾತ್ರ ನಿಂತಿದೆ.

ಹವಾಲ್ದಾರರ ಪುಸ್ತಕದಲ್ಲಿ ಕೊಡದೆ ಹೋದದ್ದೂ ನಿಂತಿದೆ. ಪ್ರತಿ ಯುಗಾದಿಗೆ ಹೊಸ ಪುಸ್ತಕ ತೆರೆದಾಗ ಅವರು ಮೊದಲ ಹಾಳೆಯಲ್ಲಿ ಬರೆಯುವುದು ಆರಂಭದ ಶಿಲ್ಕನ್ನಲ್ಲ. ಹಳೆಯ ಪುಸ್ತಕವನ್ನು ನೋಡಿ ಎರಡು ಅಂಕೆಗಳನ್ನು ನಕಲು ಮಾಡುತ್ತಾರೆ: 160 ಮತ್ತು 2,400. ಆಮೇಲೆ ಗೀಟು ಎಳೆದು, ಅದರ ಕೆಳಗೆ ಆ ವರ್ಷದ ಲೆಕ್ಕವನ್ನು ಆರಂಭಿಸುತ್ತಾರೆ.